ಐದನೇ ಕಥೆಯಲ್ಲಿ ಸಿಕ್ಕಿಕೊಂಡ ಹುಡುಗಿ

ಅವಳನ್ನು ಶಾಂತಾ ಎಂದು ಕರೆಯೋಣ. ಕೊಪ್ಪಳದ ಹುಡುಗಿ, ಕನ್ನಡ ಆನರ್ಸ್ ನಾಲ್ಕನೇ ವರ್ಷ. ಹೆಸರು, ಓಣಿ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯುವ ಮೊದಲು ಅವಳ ಒಪ್ಪಿಗೆ ಕೇಳಿದ್ದೇನೆ.

ಗವಿಮಠದ ಜಾತ್ರೆ ಮುಗಿದ ಮೇಲೆ, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಳು. ನಿದ್ದೆ ಬರುತ್ತಿಲ್ಲ, ಪ್ರಾಜೆಕ್ಟ್ ಮುಗಿಯುತ್ತಿಲ್ಲ ಎಂದಳು. ಊಟ ಹೇಗಿದೆ, ಸಾಯುವ ಯೋಚನೆ ಏನಾದರೂ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಇದನ್ನು ಕೇಳಲು ಹಲವರು ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. "ಇಲ್ಲ ಮೇಡಂ, ಹಂಗೇನಿಲ್ಲ. ಲ್ಯಾಪ್‌ಟಾಪ್ ತೆಗೆದ್ರ ಎದಿ ಡವಡವ ಅಂತೈತಿ, ಅಷ್ಟ" ಎಂದಳು.

ಪ್ರಾಜೆಕ್ಟ್ ಏನೆಂದರೆ ಆರು ಸಣ್ಣಕಥೆ, ಜೊತೆಗೆ ಅವನ್ನು ಹೇಗೆ, ಯಾಕೆ ಬರೆದೆ ಎಂದು ವಿವರಿಸುವ ಒಂದು ಪ್ರಬಂಧ. ನಾಲ್ಕು ಕಥೆ ಆಗಿದ್ದವು. ಐದನೆಯದನ್ನು ಶುರು ಮಾಡಿದಾಗಲೆಲ್ಲ ಹಿಂದಕ್ಕೆ ಹೋಗಿ ಮೊದಲನೆಯದನ್ನು ತಿದ್ದುತ್ತಾ ಕೂರುತ್ತಿದ್ದಳು. ಗೈಡ್ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಅವಳು ಒಂಟಿಯಾಗಿದ್ದದ್ದೂ ನಿಜ. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ನಮ್ಮಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು. 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವೆ ಸೇರಿದವರಿಗೆ, ಬೇಕಿದ್ದರೆ ನಾಲ್ಕನೇ ವರ್ಷ ಓದುವ ಅವಕಾಶ ಉಳಿಯಿತು. ಗೆಳತಿಯರೆಲ್ಲ ಮೂರೇ ವರ್ಷಕ್ಕೆ ಮುಗಿಸಿ ಬಿ.ಎಡ್., ಎಂ.ಎ. ಎಂದು ಹೊರಟರು. ಸೋದರಮಾವ ಮನೆಗೆ ಬಂದಾಗಲೆಲ್ಲ "ಕಥಿ ಬರದ್ರ ಯಾರು ನೌಕರಿ ಕೊಡ್ತಾರ? ಒಂದು ವರ್ಷ ಸುಮ್ನ ದಂಡ" ಎನ್ನುತ್ತಿದ್ದರು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಚೌಕಟ್ಟಿನ ಪ್ರಕಾರ ನಾಲ್ಕನೇ ವರ್ಷ ಸಂಶೋಧನಾ ಪ್ರಾಜೆಕ್ಟ್ ತೆಗೆದುಕೊಳ್ಳಲು ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ. 75 ಬಂದಿರಬೇಕು. ಪ್ರಾಜೆಕ್ಟಿಗೆ 12 ಕ್ರೆಡಿಟ್. ಅಂದರೆ ಇಲ್ಲಿಗೆ ಬರುವವರೆಲ್ಲ ಚೆನ್ನಾಗಿ ಓದುವ ಮಕ್ಕಳೇ. ಪರೀಕ್ಷೆಯಲ್ಲಿ ಇಂಥದ್ದನ್ನೇ ಬರೆಯಬೇಕು ಎಂದು ಗೊತ್ತಿರುತ್ತದೆ, ಬರೆದು ಗೆದ್ದಿರುತ್ತಾರೆ. ಕಥೆಗೆ ಗೈಡ್‌ಬುಕ್ ಎಲ್ಲಿದೆ? ಹಾಗಾಗಿ ಮೊದಲು ಇದು ಅಂಕದ ಭಯ ಇರಬಹುದೇ ಎಂದು ನೋಡಿದೆ. ಆದರೆ ಮೊದಲ ನಾಲ್ಕು ಕಥೆ ಸರಾಗವಾಗಿ ಬಂದಿದ್ದವಲ್ಲ. ಐದನೆಯದರಲ್ಲಿ ಏನಿದೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು.

ಅದು ಅವರ ಮನೆಯದೇ ಕಥೆ. ಅಪ್ಪ ದುಡಿಯಲು ಗೋವಾಕ್ಕೆ ಹೋದವರು. ಆಮೇಲೆ ಆದದ್ದನ್ನು ಮನೆಯವರು ಓಣಿಯಲ್ಲಿ ಯಾರಿಗೂ ಹೇಳಿಲ್ಲ, ನಾನೂ ಇಲ್ಲಿ ಹೇಳುವುದಿಲ್ಲ. ಬರೆಯದಿದ್ದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು. ಬರೆದರೆ ಅವ್ವನ ಮರ್ಯಾದೆ ಹೋಗುತ್ತದೆ ಎಂದೂ ಅನ್ನುತ್ತಿದ್ದಳು. ಮೌಖಿಕ ಪರೀಕ್ಷೆಗೆ ಹೊರಗಿನವರು ಬರುತ್ತಾರೆ, ಬೈಂಡ್ ಮಾಡಿದ ಒಂದು ಪ್ರತಿ ವಿಭಾಗದಲ್ಲಿ ಉಳಿಯುತ್ತದೆ. ಕೊಪ್ಪಳ ಎಷ್ಟು ದೊಡ್ಡ ಊರು, ಅಲ್ವಾ?

ನನಗೆ ಕಂಡದ್ದು ಇಷ್ಟು. ಒಂದೇ ಕಥೆಯಿಂದ ಮೂರು ಕೆಲಸ ಮಾಡಿಸಲು ಹೊರಟಿದ್ದಳು. ಅವಳ ಸಂಕಟ ಹೊರಗೆ ಬರಬೇಕು, ಅವ್ವನ ಮಾನ ಉಳಿಯಬೇಕು, ಅಂಕವೂ ಬರಬೇಕು. ಯಾವ ಕಥೆಗಾರರಿಗೂ ಇದು ಕಷ್ಟವೇ.

ಮೊದಲು ಸಂಕಟವನ್ನು ಬೇರೆ ಮಾಡಿದೆವು. ಯಾರಿಗೂ ತೋರಿಸದ ಒಂದು ನೋಟ್‌ಬುಕ್ ಇಟ್ಟುಕೋ ಎಂದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಹೋದ್ಯೋಗಿ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಅಧ್ಯಯನವಿದೆ. ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ತಮ್ಮ ನೋವಿನ ಸಂಗತಿಯನ್ನು ಬರೆಸಿದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ಮಾತ್ರ, ಆ ಘಟನೆಯನ್ನೂ ಅದರ ಭಾವನೆಯನ್ನೂ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಅವಳಿಗೆ ಹೇಳಬೇಕಾದದ್ದು ಆ ಮೊದಲನೇ ಭಾಗ. ಬರೆದ ಮೇಲೆ ಅಳು ಬಂದರೆ ಹೆದರಬೇಡ, ಕಾಗುಣಿತ ನೋಡಬೇಡ, ಮಲಗುವ ಹೊತ್ತಿಗೆ ಬರೆಯಬೇಡ, ಸಂಜೆಯೇ ಬರೆದು ಮುಗಿಸು, ತಡೆಯಲಾಗದಷ್ಟು ಆದರೆ ನಿಲ್ಲಿಸು. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅವ್ವನ ವಿಷಯ ಅಷ್ಟು ಸುಲಭದ್ದಲ್ಲ. ಹೆಸರು ಬದಲಿಸಿ ಬರೆದರೆ ಸಾಕಲ್ಲವಾ ಮೇಡಂ ಎಂದು ಕೇಳಿದಳು. ಓದುವವರು ಅದೇ ಓಣಿಯವರಾದರೆ ಹೆಸರು ಬದಲಿಸಿ ಏನು ಬಂತು? ಬರೆಯಲೋ ಬೇಡವೋ ಎಂದು ನನ್ನನ್ನೂ ಗೈಡನ್ನೂ ಕೇಳುತ್ತಿದ್ದೀಯ, ಆದರೆ ಆ ಮಾತು ಹೇಳಬೇಕಾದವರು ಅವ್ವ ಎಂದೆ. ಅವ್ವನಿಗೆ ಓದಲು ಬರುವುದಿಲ್ಲ, ಹಾಗಾಗಿ ನೀನೇ ಓದಿ ಹೇಳು. ಬೇಡ ಎಂದರೆ ವಾದ ಮಾಡಬೇಡ. ಮೊದಲು ಮೂರನೇ ಕಥೆಯಿಂದ ಶುರು ಮಾಡು.

ಮೂರನೆಯದು ಕೂದಲ ಕೆಲಸದ ಕಥೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲ ವ್ಯಾಪಾರ ದೊಡ್ಡದು. ಪಾತ್ರೆ, ಪಿನ್ನು ಕೊಟ್ಟು ಊರೂರಿನಿಂದ ಕೂಡಿಸಿದ ಬಾಚಣಿಕೆಯ ಕೂದಲು ಮೂಟೆಯಲ್ಲಿ ಬರುತ್ತದೆ. ಅದರ ಗಂಟು ಬಿಡಿಸುವವರು ಹೆಣ್ಣುಮಕ್ಕಳು, ಬಹಳಷ್ಟು ಮನೆಯಲ್ಲೇ ಕೂತು. ಕೂಲಿ ತೂಕದ ಲೆಕ್ಕ. ಶಾಂತಾಳ ಅವ್ವನದೂ ಅದೇ ಕೆಲಸ. ಒಂದು ದಿನ ಮಧ್ಯಾಹ್ನ ಅವ್ವ ಸೂಜಿಯಿಂದ ಗಂಟು ಬಿಡಿಸುತ್ತಾ ಕೂತಿದ್ದಾಗ ಓದಿದಳು. ಕಥೆಯಲ್ಲಿ ಒಬ್ಬಾಕೆ ಮೂಟೆಯ ಕೂದಲನ್ನು ತೊಳೆದು ಆಮೇಲೆ ಬಿಡಿಸಲು ಕೂರುತ್ತಾಳೆ. ಅಲ್ಲಿಗೆ ಬಂದ ಕೂಡಲೇ ಅವ್ವ ತಡೆದರಂತೆ. "ಮೊದ್ಲ ತೊಳಿತಾರೇನ ಯಾರರ? ಗಂಟು ಇನ್ನೂ ಬಿಗಿ ಆಗ್ತಾವು. ಬಿಡಿಸಿ ಆಮ್ಯಾಗ ತೊಳಿಬೇಕು." ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದವಳಿಗೆ ಅದು ಗೊತ್ತಿರಲಿಲ್ಲ. ನನ್ನೆದುರು ಹೇಳುವಾಗ ನಗುತ್ತಿದ್ದಳು. ಅಷ್ಟು ದಿನದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ನೋಟ್‌ಬುಕ್‌ನಲ್ಲಿ ಬರೆದುಕೊಂಡ ಐದನೆಯದನ್ನು ಕೆಲವು ದಿನ ಬಿಟ್ಟು ಓದಿದಳು. ಅವ್ವ ಕೊನೆಯವರೆಗೂ ಕೇಳಿ, "ಇದು ಬ್ಯಾಡವ್ವಾ. ನಾ ಸತ್ತ ಮ್ಯಾಗ ಬೇಕಾದ್ರ ಬರಿ" ಎಂದರು.

ಶಾಂತಾಗೆ ಸಿಟ್ಟು ಬಂತು. ಅವ್ವನ ಮೇಲೆ, ಕೇಳು ಎಂದ ನನ್ನ ಮೇಲೂ. ಬರಬೇಕಾದದ್ದೇ. ಎಷ್ಟೋ ತಿಂಗಳಿಂದ ಹೊತ್ತು ತಿರುಗಿದ ಕಥೆ ಅದು. ಬರೆಯುವವಳ ಸ್ವಾತಂತ್ರ್ಯ ಏನಾಯಿತು ಎಂದು ಕೇಳಿದಳು, ನ್ಯಾಯವಾದ ಪ್ರಶ್ನೆಯೇ. ಆದರೆ ಇದು ಪದವಿಗೆ ಸಲ್ಲಿಸುವ ಪುಸ್ತಕ. ಅವಳ ಬದುಕಿನ ಒಂದೇ ಪುಸ್ತಕ ಅಲ್ಲ. ಆ ಕಥೆ ನೋಟ್‌ಬುಕ್‌ನಲ್ಲಿ ಇದೆ, ಯಾರೂ ಹರಿದು ಹಾಕಿಲ್ಲ. ಅವ್ವ ದಿನಾ ಅದೇ ಓಣಿಯಲ್ಲಿ ನೀರಿಗೆ ನಿಲ್ಲಬೇಕು. ಅವಳು ಸಿಟ್ಟನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆದಳು.

ಉಳಿದದ್ದೆಲ್ಲ ಬೇಗ ಆಯಿತು. ಗೈಡ್‌ಗೆ ಏನು ಹೇಳಬೇಕೆಂದು ಇಬ್ಬರೂ ಕೂತು ತಯಾರಿ ಮಾಡಿದೆವು. ಮನೆಯ ಕಾರಣಕ್ಕೆ ಒಂದು ಕಥೆ ಕೈಬಿಡುತ್ತಿದ್ದೇನೆ, ಆರರ ಬದಲು ಐದು ಸಾಕೇ ಎಂದಷ್ಟೇ ಕೇಳು, ಕಾರಣ ಬಿಡಿಸಿ ಹೇಳಬೇಕಿಲ್ಲ. ಗೈಡ್ ಒಪ್ಪಿದರು. ಪ್ರಬಂಧ ಉದ್ದ ಇರಲಿ ಎಂದರು. ದಿನಾ ಬೆಳಿಗ್ಗೆ ಇಪ್ಪತ್ತೈದು ನಿಮಿಷ ಹೊಸದನ್ನು ಮಾತ್ರ ಬರೆಯಬೇಕು, ಹಳೆಯದನ್ನು ತಿದ್ದುವುದು ಭಾನುವಾರ ಮಾತ್ರ ಎಂದು ನಿಯಮ ಮಾಡಿಕೊಂಡಳು. ತಿದ್ದುತ್ತಾ ಕೂರುವುದೂ ಕೆಲಸ ಮಾಡಿದ ಹಾಗೇ ಕಾಣುತ್ತದೆ, ಅದಕ್ಕೇ ಅದು ಜಾಸ್ತಿ ಮೋಸ. ಸೋದರಮಾವನಿಗೆ ಉತ್ತರ ಕೊಡುವುದನ್ನು ಫಲಿತಾಂಶದವರೆಗೆ ಮುಂದೂಡಿದೆವು.

ಪ್ರಬಂಧಕ್ಕೆ ವಸ್ತುವೂ ಅವ್ವನಿಂದಲೇ ಸಿಕ್ಕಿತು. ಕಥೆ ಓದಿ ಹೇಳಿದಾಗ ಕೇಳಿದವರು ಏನು ತಿದ್ದಿದರು, ಯಾವುದನ್ನು ಬೇಡ ಎಂದರು, ಹಾಗೆ ಬಿಡುವುದರಿಂದ ಕಥೆಗೆ ಏನಾಗುತ್ತದೆ ಎಂದು ಬರೆದಳು. ಬಿಟ್ಟ ಕಥೆ ಯಾವುದೆಂದು ಮಾತ್ರ ಬರೆಯಲಿಲ್ಲ. ನನ್ನ ಕೇಳಿದರೆ ಇಡೀ ಪ್ರಾಜೆಕ್ಟಿನಲ್ಲಿ ಗಟ್ಟಿಯಾದ ಭಾಗ ಅದು.

ಗಡುವಿನೊಳಗೆ ಸಲ್ಲಿಸಿದಳು. ಮೌಖಿಕ ಪರೀಕ್ಷೆಯಲ್ಲಿ ಮಾತುಕತೆಯನ್ನೆಲ್ಲ ಕೊಪ್ಪಳದ ಮಾತಿನಲ್ಲೇ ಯಾಕೆ ಬರೆದಿದ್ದೀಯ ಎಂದು ಕೇಳಿದರಂತೆ. ಅಂಕ ಚೆನ್ನಾಗಿಯೇ ಬಂದವು, ನಿದ್ದೆಯೂ ಸರಿಹೋಯಿತು. ಈಗ ಐದು ಕಥೆಗಳನ್ನು ಪುಸ್ತಕ ಮಾಡುವ ಮಾತು ನಡೆದಿದೆ. ಅವ್ವ ಒಪ್ಪಿದ್ದು ಕಾಲೇಜಿಗೆ ಕೊಡಲು, ಅಂಗಡಿಯಲ್ಲಿ ಮಾರಲು ಅಲ್ಲ. ಅಚ್ಚಿಗೆ ಕೊಡುವ ಮೊದಲು ಮೂರನೇ ಕಥೆಯನ್ನು ಅವರಿಗೆ ಇನ್ನೊಮ್ಮೆ ಓದಿ ಹೇಳಿ ಕೇಳು ಎಂದಿದ್ದೇನೆ.