ಹಳೆ ಟವರ್ ಸರ್ವರ್‌ಗೆ ಎಂಟು ಹಾರ್ಡ್ ಡಿಸ್ಕ್ ಹಾಕಿದ್ದೇನೆ, ಆರೇ ಕಾಣಿಸುತ್ತಿವೆ. ಏನು ಮಾಡಲಿ? ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ರೇಡ್ 5 ಜೋಡಣೆ ಸಾಕೇ?

ಎಂಟು 8 ಟಿಬಿ ಡಿಸ್ಕ್, ಸೆಕೆಂಡ್‌ಹ್ಯಾಂಡ್ ಎಲ್‌ಎಸ್‌ಐ 9211-8ಐ ಕಾರ್ಡು (ಡಿಸ್ಕ್‌ಗಳನ್ನು ಮಷಿನ್‌ಗೆ ಜೋಡಿಸುವುದು), 450 ವಾಟ್ ಪವರ್ ಸಪ್ಲೈ, ಕಾಣಿಸದ ಎರಡೂ ಯುಎಸ್‌ಬಿ ಡಬ್ಬಿ ಬಿಚ್ಚಿ ತೆಗೆದ ಡಿಸ್ಕ್‌ಗಳು ಎಂದು ಬರೆದಿದ್ದೀರಿ. ಈ ಕೊನೆಯ ಮಾತಿನಲ್ಲೇ ಉತ್ತರ ಇದೆ. ಮಷಿನ್ ಆನ್ ಮಾಡಿ ಆ ಎರಡರ ಮೇಲೆ ಬೆರಳಿಟ್ಟು ನೋಡಿ. ತಿರುಗುವ ಸಣ್ಣ ನಡುಕ ಸಿಗದಿದ್ದರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ, ಇದು 3.3 ವೋಲ್ಟ್ ತಕರಾರು.

ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ ಪವರ್ ಕನೆಕ್ಟರ್‌ನಲ್ಲಿ 15 ಪಿನ್ ಇವೆ. ಡೇಟಾ ಕೇಬಲ್ ಕಡೆಯಿಂದ ಎಣಿಸಿದರೆ ಮೊದಲ ಮೂರು, ಹಳೆಯ ನಿಯಮದಂತೆ, 3.3 ವೋಲ್ಟ್‌ನವು. ಸಾಟಾ 3.3 ಆವೃತ್ತಿಯಲ್ಲಿ ಮೂರನೆಯ ಪಿನ್‌ಗೆ ಬೇರೆ ಕೆಲಸ ಕೊಟ್ಟರು: ಅದರಲ್ಲಿ ಕರೆಂಟ್ ಬಂದರೆ ಡಿಸ್ಕ್ ಆಫ್ ಆಗಿಯೇ ಇರಬೇಕು. ನಿಮ್ಮ ಪವರ್ ಸಪ್ಲೈ ಪಾಪ ಹಳೆಯ ನಿಯಮ ಪಾಲಿಸುತ್ತಿದೆ, ಡಿಸ್ಕ್ ಹೊಸ ನಿಯಮ ಪಾಲಿಸುತ್ತಿದೆ. ಮೂರನೆಯ ಪಿನ್ ಮೇಲೆ ಕಾಪ್ಟಾನ್ ಟೇಪಿನ (ಕರೆಂಟ್ ಹರಿಯಗೊಡದ ಟೇಪ್) ಸಣ್ಣ ಪಟ್ಟಿ ಅಂಟಿಸುವವರಿದ್ದಾರೆ. ಕೆಲಸವೇನೋ ಆಗುತ್ತದೆ, ಆದರೆ ಡಿಸ್ಕ್ ತೆಗೆದು ಹಾಕುವಾಗ ಟೇಪ್ ಸರಿಯುತ್ತದೆ. ನಾನು ಹೇಳುವುದು ಮೋಲೆಕ್ಸ್ ಎಂಬ ಹಳೆಯ ಪವರ್ ಕನೆಕ್ಟರ್‌ನಿಂದ ಸಾಟಾಗೆ ಬದಲಾಯಿಸುವ ಕೇಬಲ್. ಮೋಲೆಕ್ಸ್‌ನಲ್ಲಿ ಇರುವುದೇ ನಾಲ್ಕು ತಂತಿ: ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಎರಡು ಕಪ್ಪು. 3.3 ಇಲ್ಲವೇ ಇಲ್ಲ, ತಕರಾರೂ ಇಲ್ಲ.

ಆ ಕೇಬಲ್ ಕೊಳ್ಳುವಾಗ ಸಾಟಾ ತುದಿಯನ್ನು ಹತ್ತಿರದಿಂದ ನೋಡಿ. ತಂತಿಗಳು ಒಂದೇ ಪ್ಲಾಸ್ಟಿಕ್ ಮುದ್ದೆಯೊಳಗೆ ಎರಕವಾಗಿ ಸೇರಿದ್ದರೆ ಬೇಡ. ಒಳಗೆ ತಂತಿ ಸರಿದು ಒಂದಕ್ಕೊಂದು ತಾಗಿ ಸುಟ್ಟುಹೋಗುವುದು ಈ ಜಾತಿಯೇ. ಪ್ರತಿ ತಂತಿಯೂ ಬೇರೆಬೇರೆಯಾಗಿ ಕ್ರಿಂಪ್ ಆಗಿ (ಅದುಮಿ ಕೂರಿಸಿ), ಹಿಂದಿನ ಮುಚ್ಚಳ ತೆಗೆದರೆ ಕಾಣುವಂಥದ್ದು ತಗೊಳ್ಳಿ.

ಈಗ ಲೆಕ್ಕ. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಕೆಲವು ಸೆಕೆಂಡು 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟಕ್ಕೆ 16 ಆಂಪಿಯರ್, ಅಂದರೆ 192 ವಾಟ್. ಪವರ್ ಸಪ್ಲೈ ಡಬ್ಬಿಯ ಮೇಲಿನ 450 ನೋಡಬೇಡಿ, ಲೇಬಲ್‌ನ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ. 30ಕ್ಕಿಂತ ಕಡಿಮೆ ಇದ್ದರೆ ಬದಲಿಸುವುದೇ ಒಳ್ಳೆಯದು. ಒಂದು ಮೋಲೆಕ್ಸ್ ಎಳೆಗೆ ನಾಲ್ಕು ಡಿಸ್ಕ್ ಸಾಕು. ಒಂದು ಸಾಟಾ ಪವರ್ ಕನೆಕ್ಟರ್‌ನಿಂದ ಕವಲೊಡೆಸಿ ನಾಲ್ಕಕ್ಕೆ ಕೊಡುವುದಂತೂ ಬೇಡವೇ ಬೇಡ. ಆ ಕನೆಕ್ಟರ್ 12 ವೋಲ್ಟ್‌ನಲ್ಲಿ ತಡೆಯುವುದು 4.5 ಆಂಪಿಯರ್ ಮಾತ್ರ.

ಡೇಟಾ ಕೇಬಲ್ ನಿಮ್ಮದು ಸರಿಯಿದೆ, ಇಲ್ಲದಿದ್ದರೆ ಆರೂ ಕಾಣುತ್ತಿರಲಿಲ್ಲ. ಇದೇ ಕೆಲಸಕ್ಕೆ ಕೈಹಾಕುವ ಬೇರೆಯವರಿಗಾಗಿ ಹೇಳುತ್ತೇನೆ: ಕಾರ್ಡಿನಲ್ಲಿ ಎರಡು ಎಸ್‌ಎಫ್‌ಎಫ್-8087 ಪೋರ್ಟ್, ಒಂದೊಂದರಿಂದ ನಾಲ್ಕು ಡಿಸ್ಕ್. ಕೇಬಲ್ 'ಫಾರ್ವರ್ಡ್ ಬ್ರೇಕ್‌ಔಟ್' ಆಗಿರಬೇಕು, ಅಂದರೆ ಕಾರ್ಡಿನಿಂದ ಡಿಸ್ಕ್‌ಗಳ ಕಡೆಗೆ ಕವಲೊಡೆಯುವುದು. 'ರಿವರ್ಸ್' ಎಂಬುದೂ ನೋಡಲು ಹಾಗೇ ಇರುತ್ತದೆ, ಒಳಗಿನ ಜೋಡಣೆ ಬೇರೆ. ಅದನ್ನು ಹಾಕಿದರೆ ನಾಲ್ಕಕ್ಕೆ ನಾಲ್ಕೂ ಮಾಯ.

ಕಾರ್ಡಿನಲ್ಲಿ ಎರಡು ವಿಷಯ ನೋಡಿ. ಫರ್ಮ್‌ವೇರ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ಐಟಿ ಮೋಡ್‌ನದಾಗಿರಲಿ, ಅಂದರೆ ಕಾರ್ಡು ತಾನೇ ರೇಡ್ ಮಾಡದೆ ಡಿಸ್ಕ್‌ಗಳನ್ನು ಹಾಗೇ ತೋರಿಸಲಿ, ಆವೃತ್ತಿ 20.00.07.00 ಇರಲಿ. ಹೊಸದಾಗಿ ಫ್ಲಾಶ್ ಮಾಡುವುದಾದರೆ ಕಾರ್ಡಿನ ಸ್ಟಿಕ್ಕರ್ ಮೇಲಿನ ಎಸ್‌ಎಎಸ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ) ಮೊದಲೇ ಬರೆದಿಟ್ಟುಕೊಳ್ಳಿ, ಹಳೆಯದನ್ನು ಅಳಿಸಿದ ಮೇಲೆ ಹೊಸದು ಬರೆಯುವ ಮುಂಚೆ ರೀಬೂಟ್ ಮಾಡಬೇಡಿ. ಇನ್ನೊಂದು ಬಿಸಿ. ಈ ಕಾರ್ಡಿಗೆ ಫ್ಯಾನ್ ಇಲ್ಲ, ಸರ್ವರ್‌ನ ಜೋರು ಗಾಳಿ ನಂಬಿ ಮಾಡಿದ್ದು. ಟವರ್‌ನಲ್ಲಿ ಹೀಟ್‌ಸಿಂಕ್ ಮೇಲೆ 40 ಮಿಮೀ ಫ್ಯಾನ್ ಒಂದನ್ನು ಕಟ್ಟಿ.

ಡಿಸ್ಕ್ ಕೂರಿಸುವ ಮುನ್ನ ಪ್ರತಿಯೊಂದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದು ಹೊರಗೆ ಕಾಣುವ ಕಡೆ ಅಂಟಿಸಿ. ಮುಂದೊಂದು ದಿನ ಒಂದು ಡಿಸ್ಕ್ ಸತ್ತಾಗ, ಅವಸರದಲ್ಲಿ ಜೀವವಿರುವುದನ್ನು ಕಿತ್ತು ಇಡೀ ಪೂಲನ್ನೇ (ಎಲ್ಲ ಡಿಸ್ಕ್ ಸೇರಿದ ಒಟ್ಟು ಜಾಗವನ್ನೇ) ಅಪಾಯಕ್ಕೆ ದೂಡುವುದು ಹಲವರು ಮಾಡುವ ತಪ್ಪು.

ಡೇಟಾ ತುಂಬುವ ಮೊದಲು ಬ್ಯಾಡ್‌ಬ್ಲಾಕ್ಸ್ ಎಂಬ ಲಿನಕ್ಸ್ ಡಿಸ್ಕ್ ಪರೀಕ್ಷಕ ಓಡಿಸಿ. ಬರೆಯುವ ಪರೀಕ್ಷೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುತ್ತದೆ, 8 ಟಿಬಿಗೆ ನಾಲ್ಕೈದು ದಿನ ಹಿಡಿಯುತ್ತದೆ. ಬ್ಲಾಕ್ ಅಳತೆ 4096 ಎಂದು ಕೊಡಲೇಬೇಕು. ತಾನಾಗಿ ತಗೊಳ್ಳುವ 1024ರಲ್ಲಿ ಬ್ಲಾಕ್ ಸಂಖ್ಯೆ 32 ಬಿಟ್ ಮೀರಿ ಅದು ಶುರುವಾಗುವುದೇ ಇಲ್ಲ. ಮುಗಿದ ಮೇಲೆ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಕೆಟ್ಟ ಜಾಗಗಳನ್ನು ಎಣಿಸುವ 5, 197, 198 ಏರಿದ್ದರೆ ಡಿಸ್ಕ್ ವಾಪಸ್ ಕೊಡಿ. ಡೇಟಾ ಸಾಗಣೆಯ ತಪ್ಪುಗಳನ್ನು ಎಣಿಸುವ 199 ಮಾತ್ರ ಏರಿದ್ದರೆ ಡಿಸ್ಕನ್ನು ಬೈಯಬೇಡಿ, ಕೇಬಲ್ ಬದಲಿಸಿ. ಆ ಅಂಕಿ ಮತ್ತೆ ಸೊನ್ನೆಗೆ ಬರುವುದಿಲ್ಲ, ಮುಂದೆ ಏರದಿದ್ದರೆ ಸಾಕು.

ರೇಡ್ 5 ಸಾಕೇ ಎಂದಿರಿ. ಸಾಲದು. ಒಂದು ಡಿಸ್ಕ್ ಹೋದರೆ ಅದನ್ನು ಮತ್ತೆ ಕಟ್ಟಲು ಉಳಿದ ಏಳನ್ನೂ ಪೂರ್ತಿ ಓದಬೇಕು, ಅಂದರೆ 56 ಟಿಬಿ. ಅಷ್ಟು ಹೊತ್ತು ನಿಮ್ಮ ಬಳಿ ಇನ್ನೊಂದು ತಪ್ಪಿಗೆ ಜಾಗವಿಲ್ಲ. ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ ರೇಡ್-ಜಡ್2 ಮಾಡಿ, ಎರಡು ಹೋದರೂ ತಡೆಯುತ್ತದೆ. ಆರು ಡಿಸ್ಕಿನ ಜಾಗ ಸಿಗುತ್ತದೆ: ಕಂಪ್ಯೂಟರ್ ಲೆಕ್ಕದಲ್ಲಿ ಒಂದೊಂದು 7.28 ಟೆಬಿಬೈಟ್, ಒಟ್ಟು ಸುಮಾರು 43.7, ಅದರಲ್ಲೂ ಶೇ. 80 ತುಂಬಿದಾಗ ನಿಲ್ಲಿಸಿ. ಪೂಲ್ ಮಾಡುವಾಗ ಆ್ಯಶಿಫ್ಟ್ 12 (ಅಂದರೆ 4096 ಬೈಟಿನ ಸೆಕ್ಟರ್ ಅಳತೆ) ಕೊಡಿ, ಆಮೇಲೆ ಬದಲಿಸಲಾಗದು. ಡಿಸ್ಕ್‌ಗಳನ್ನು ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರಿನಿಂದ ಕರೆಯಬೇಡಿ, ರೀಬೂಟ್ ಆದಾಗ ಆ ಹೆಸರುಗಳು ಅದಲುಬದಲಾಗುತ್ತವೆ. 'ಬೈ-ಐಡಿ' ಫೋಲ್ಡರಿನ ಹೆಸರು ಬಳಸಿ, ಅದರಲ್ಲಿ ಸೀರಿಯಲ್ ನಂಬರೂ ಇರುತ್ತದೆ. ಆಪರೇಟಿಂಗ್ ಸಿಸ್ಟಂ ಬೇರೆ ಸಣ್ಣ ಎಸ್‌ಎಸ್‌ಡಿಯಲ್ಲಿ, ಮದರ್‌ಬೋರ್ಡಿನ ಪೋರ್ಟ್‌ಗೆ.

ಮಾಡೆಲ್ ನಂಬರ್ ಕೂಡ ಒಮ್ಮೆ ನೋಡಿಬಿಡಿ. ಸೀಗೇಟ್ ಬ್ಯಾರಾಕುಡಾ ಎಸ್‌ಟಿ8000ಡಿಎಂ004ನಂಥ ಎಸ್‌ಎಂಆರ್ ಡಿಸ್ಕ್‌ಗಳು (ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವವು) ಮನೆ ಪಿಸಿಗೆ ಸರಿ, ಪೂಲ್ ಮತ್ತೆ ಕಟ್ಟುವಾಗ ತೆವಳುತ್ತವೆ.

ಎಲ್ಲ ಆದಮೇಲೆ, ಪೂಲ್ ಇನ್ನೂ ಖಾಲಿ ಇರುವಾಗಲೇ, ಮಷಿನ್ ಆಫ್ ಮಾಡಿ ಒಂದು ಡಿಸ್ಕಿನ ಕೇಬಲ್ ಕಿತ್ತು ಆನ್ ಮಾಡಿ. ಪೂಲ್ 'ಡಿಗ್ರೇಡೆಡ್' ಎಂದು ತೋರಿಸಬೇಕು, ನಿಮಗೆ ಮೇಲ್ ಬರಬೇಕು, ಅದರಲ್ಲಿರುವ ಸೀರಿಯಲ್ ನೀವು ಅಂಟಿಸಿದ ಚೀಟಿಗೆ ಹೊಂದಬೇಕು. ಮೇಲ್ ಬರುವವರೆಗೂ ಡೇಟಾ ಹಾಕಬೇಡಿ.