ಶೇ 92 ಒಮ್ಮತವಿದ್ದೂ ಕಪ್ಪಾ 0.29: ಪ್ರತಿಕ್ರಿಯೆ

ಇಬ್ಬರ ಗುರುತುಗಳು ಶೇ 92ರಷ್ಟು ಹೊಂದಿದರೂ ಕಪ್ಪಾ (ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಒಮ್ಮತ ಅಳೆಯುವ ಗುಣಾಂಕ) ಬರೀ 0.29 ಏಕೆ ಬಂತು, ಲೆಕ್ಕ ತಪ್ಪಿತೇ ಎಂದು ಕೇಳಿದ್ದೀರಿ. ಲೆಕ್ಕ ತಪ್ಪಿರಲಿಕ್ಕಿಲ್ಲ, ನೀವು ಹುಡುಕುತ್ತಿರುವ ಅಂಶವೇ ಅಪರೂಪವಾಗಿರುವುದು ಕಾರಣವಿರಬೇಕು. ಆಟಗಾರ್ತಿಯರ 100 ಸುದ್ದಿಗಳಲ್ಲಿ ‘ರೂಪದ ಪ್ರಸ್ತಾಪ’ ಇದೆಯೇ ಎಂದು ಇಬ್ಬರು ಗುರುತಿಸಿದ್ದೀರಿ. ಇಬ್ಬರೂ ‘ಇಲ್ಲ’ ಅಂದದ್ದು 90, ‘ಇದೆ’ ಅಂದದ್ದು ಬರೀ 2, ಭಿನ್ನಮತದ 8ರಲ್ಲಿ ತಲಾ 4 ‘ಇದೆ’ ಆಗಿದ್ದರೆ ಕಪ್ಪಾ ಸರಿಯಾಗಿ 0.29 ಬರುತ್ತದೆ. ಏಕೆಂದರೆ ಆಕಸ್ಮಿಕವಾಗಿಯೇ ಸುಮಾರು 89 ಹೊಂದಿಕೊಳ್ಳುತ್ತವೆ. ನಿಮ್ಮ ಕೋಷ್ಟಕ ನೋಡದೆ ಇದೇ ಎಂದು ಖಚಿತವಾಗಿ ಹೇಳಲಾರೆ, ಹಾಗಾಗಿ ಮೊದಲು ಇಬ್ಬರ ‘ಇದೆ’, ‘ಇಲ್ಲ’ಗಳನ್ನು ಎದುರುಬದುರಾಗಿಟ್ಟು 2×2 ಕೋಷ್ಟಕ ಹಾಕಿ ನೋಡಿ.

ಆಮೇಲೆ ಆ 8 ಸುದ್ದಿಗಳನ್ನು ಇಬ್ಬರೂ ಕೂತು ಓದಿ. ಸಾಮಾನ್ಯವಾಗಿ ತೊಡಕಿರುವುದು ವ್ಯಾಖ್ಯೆಯಲ್ಲೇ. ‘ಎತ್ತರದ ಬೌಲರ್’ ರೂಪವೋ, ಆಟದ ವಿವರವೋ? ಬೌನ್ಸ್‌ಗೆ ಕಾರಣವಾಗಿ ಬಂದಿದ್ದರೆ ಬೇಡ, ಸುಮ್ಮನೆ ವರ್ಣನೆಯಾಗಿದ್ದರೆ ಸೇರಿಸಿ. ಇಂಥ ನಿಯಮವನ್ನು ಉದಾಹರಣೆ ಸಮೇತ ಬರೆದಿಡಿ.

ಮರುಪರೀಕ್ಷೆ ಹೊಸ ಸುದ್ದಿಗಳ ಮೇಲೇ ಆಗಲಿ, ಪರಸ್ಪರ ಮಾತಾಡದೆ. ಚರ್ಚಿಸಿದ ಸುದ್ದಿಗಳನ್ನೇ ಬಳಸಿದರೆ ಅಂಕಿ ಸುಳ್ಳೇ ಏರುತ್ತದೆ. ‘ಇದೆ’ ಪ್ರಕರಣಗಳು ಸಾಕಷ್ಟು ಸಿಗುವಷ್ಟು ದೊಡ್ಡ ಮಾದರಿ ತೆಗೆದುಕೊಳ್ಳಿ.

ಕಪ್ಪಾ ಬಿಟ್ಟು ಒಮ್ಮತ ಅಳೆಯುವ ಇನ್ನೊಂದು ಗುಣಾಂಕವಾದ ಕ್ರಿಪೆಂಡಾರ್ಫ್ ಆಲ್ಫಾಗೆ ಬದಲಾಯಿಸಿದರೂ ಈ ದತ್ತಾಂಶಕ್ಕೆ ಹೆಚ್ಚುಕಡಿಮೆ ಇದೇ ಬರುತ್ತದೆ. ಆಲ್ಫಾ 0.80 ದಾಟಿದರೆ ನಿಶ್ಚಿಂತೆ, 0.667ಕ್ಕಿಂತ ಕೆಳಗಿದ್ದರೆ ಆ ಅಂಶವನ್ನು ವಿಶ್ಲೇಷಣೆಯಿಂದ ಕೈಬಿಡಿ. ವರದಿಯಲ್ಲಿ ಶೇಕಡಾ ಒಮ್ಮತ, ಗುಣಾಂಕ ಎರಡನ್ನೂ ಕೊಡಿ.