ಮಗು ಬಿದ್ದು ಗಾಯ ಮಾಡಿಕೊಂಡಿತು ಅಂತಾರೆ, ನನಗೆ ಹಾಗನಿಸುತ್ತಿಲ್ಲ. ನರ್ಸ್ ಆಗಿ ನಾನು ಯಾರಿಗೆ ಹೇಳಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್. ಮೊನ್ನೆ ಎರಡೂವರೆ ವರ್ಷದ ಗಂಡುಮಗು ಹಣೆಗೆ ಹೊಲಿಗೆ ಹಾಕಿಸಿಕೊಳ್ಳಲು ಬಂದಿತ್ತು. ಎಡಗಿವಿಯ ಮೇಲೂ ಅದರ ಹಿಂದೆಯೂ ನೀಲಿಗಟ್ಟಿದ್ದು ನಿಮಗೆ ಕಂಡಿತು. ಮಂಚದಿಂದ ಬಿತ್ತು ಅಂತ ತಾಯಿ, ಬಾಗಿಲು ಬಡಿಯಿತು ಅಂತ ಅಜ್ಜಿ. ಹೊಲಿಗೆ ಹಾಕುವಾಗಲೂ ಮಗು ಅಳಲಿಲ್ಲ. "ನಮಗ್ಯಾಕೆ ಊರ ಉಸಾಬರಿ" ಅಂತ ಡಾಕ್ಟರ್ ಸುಮ್ಮನಾದರು. ಐದು ದಿನ ಬಿಟ್ಟು ಹೊಲಿಗೆ ಬಿಚ್ಚಿಸಲು ಬರಬೇಕು. "ನನ್ನ ಅನುಮಾನ ತಪ್ಪಾಗಿದ್ದರೆ?" ಅಂತ ಕೇಳಿದ್ದೀರಿ.

ಹೇಳಬೇಕು. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹೊಲಿಗೆ ಬಿಚ್ಚುವ ದಿನದವರೆಗೆ ಕಾಯಬೇಡಿ.

ನಾನು ಮಧ್ಯ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ 23 ವರ್ಷದಿಂದ ನರ್ಸ್ ಆಗಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಗುರುವಾರ, ಚುಚ್ಚುಮದ್ದಿಗೆ ಐದು ತಿಂಗಳ ಕೂಸು ಬಂದಿತ್ತು. ಕೆನ್ನೆಯ ಮೇಲೆ ಬೆರಳ ತುದಿಯಷ್ಟು ಅಗಲದ ಎರಡು ನೀಲಿ ಗುರುತು. ಏನಾಯಿತು ಅಂತ ಕೇಳಿದೆ. "ತೊಟ್ಟಿಲ ಕಟಗಿ ಬಡೀತ್ರಿ ಅಕ್ಕಾರ" ಅಂದಳು ತಾಯಿ. ನನ್ನ ಕಣ್ಣನ್ನು ನೋಡದೆ ಹೇಳಿದಳು. ಹೊರಗೆ ಮೂವತ್ತು ಜನ ಸಾಲಿನಲ್ಲಿದ್ದರು. ಚುಚ್ಚಿ ಕಳಿಸಿದೆ. ಮೂರು ವಾರ ಬಿಟ್ಟು ಅದೇ ಕೂಸು ಬಂತು. ತೊಡೆ ಊದಿಕೊಂಡಿತ್ತು, ಮುಟ್ಟಿದರೆ ಕಿರುಚುತ್ತಿತ್ತು. ಎಕ್ಸ್‌ರೇ ತೆಗೆದರೆ ತೊಡೆಯ ಮೂಳೆ ಮುರಿದಿತ್ತು. ಇನ್ನೂ ಮಗ್ಗುಲು ಹೊರಳುವುದನ್ನು ಕಲಿಯುತ್ತಿದ್ದ ಕೂಸದು. "ಇದಕ್ಕೆ ಮುಂಚೆ ಯಾರಾದರೂ ಈ ಮಗುವನ್ನು ನೋಡಿದ್ದರಾ?" ಅಂತ ಡಾಕ್ಟರ್ ಕೇಳಿದರು. ನಾನು ನೋಡಿದ್ದೆ. ಆದರೆ ರಿಜಿಸ್ಟರಿನಲ್ಲಿ ತಾರೀಖು ಮತ್ತು ಡೋಸ್ ಬಿಟ್ಟರೆ ಒಂದಕ್ಷರ ಇರಲಿಲ್ಲ. ಮಗು ಉಳಿಯಿತು, ಕಾಲು ಕೂಡಿಕೊಂಡಿತು. ಆ ಮೂರು ವಾರ ಆ ಮನೆಯಲ್ಲಿ ಅದು ಪಟ್ಟ ಪಾಡಿಗೆ ನನ್ನ ಹತ್ತಿರ ಈಗಲೂ ಉತ್ತರವಿಲ್ಲ.

ಹೀಗಾಗುವುದು ಅಪರೂಪವಲ್ಲ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂಸೆಗೆ ಒಳಗಾಗಿದ್ದು ಖಚಿತವಾದ 200 ಹಸುಗೂಸುಗಳನ್ನು ಹಿಂದಿನಿಂದ ಪರಿಶೀಲಿಸಿದರು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕೂಸುಗಳಿಗೆ ದೊಡ್ಡ ಏಟಿಗೆ ಮುಂಚೆ ಒಂದು ಚಿಕ್ಕ ಗಾಯ ಆಗಿತ್ತು. ಕೆನ್ನೆಯ ಮೇಲೊಂದು ಕಂದಿದ ಗುರುತು, ಬಾಯೊಳಗೊಂದು ಸೀಳು, ಅಷ್ಟೇ. ಎಷ್ಟೋ ಸಲ ಅದು ಡಾಕ್ಟರ ಕಣ್ಣಿಗೂ ಬಿದ್ದಿತ್ತು.

ಈಗ ನೀವು ಕಂಡ ಕಿವಿಯ ವಿಷಯ. ನಡೆಯಲು ಕಲಿತ ಮಗು ದಿನಕ್ಕೆ ಹತ್ತು ಸಲ ಬೀಳುತ್ತದೆ. ಬಿದ್ದಾಗ ಪೆಟ್ಟಾಗುವುದು ಮೂಳೆ ಮುಂದೆ ಚಾಚಿದ ಕಡೆ: ಹಣೆ, ಗದ್ದ, ಮೊಣಕೈ, ಮೊಣಕಾಲು, ಕಣಕಾಲು. ಕಿವಿ ಹಾಗಲ್ಲ. ಪಕ್ಕಕ್ಕೆ ಬಿದ್ದರೂ ತಲೆಬುರುಡೆ ಮತ್ತು ಭುಜ ಸೇರಿ ಕಿವಿಯನ್ನು ಕಾಯುತ್ತವೆ. ಅದು ನೀಲಿಗಟ್ಟಬೇಕಾದರೆ ಬಹುತೇಕ ಯಾರೋ ಹಿಂಡಿರಬೇಕು ಇಲ್ಲವೇ ಕೆನ್ನೆಗೆ ಬಾರಿಸಿರಬೇಕು. ಮಕ್ಕಳ ಡಾಕ್ಟರುಗಳು ಇದಕ್ಕೆ 'ಟೆನ್ ಫೋರ್' ಅಂತ ಒಂದು ಸೂತ್ರ ಇಟ್ಟುಕೊಂಡಿದ್ದಾರೆ. ಟಿ ಅಂದರೆ ಟಾರ್ಸೊ, ಅಂದರೆ ಎದೆ, ಹೊಟ್ಟೆ, ಬೆನ್ನು, ಕುಂಡೆ. ಇ ಅಂದರೆ ಇಯರ್. ಎನ್ ಅಂದರೆ ನೆಕ್. ನಾಲ್ಕು ವರ್ಷದೊಳಗಿನ ಮಗುವಿಗೆ ಈ ಮೂರು ಕಡೆ ಕಂದಿದ್ದರೆ ನಿಂತು ಯೋಚಿಸಬೇಕು. ನಾಲ್ಕು ತಿಂಗಳೊಳಗಿನ ಕೂಸಿಗೆ ಮೈಮೇಲೆ ಎಲ್ಲೇ ಕಂದಿದ್ದರೂ ಯೋಚಿಸಬೇಕು, ಯಾಕೆಂದರೆ ಅದು ತನ್ನಷ್ಟಕ್ಕೆ ಎಲ್ಲಿಗೂ ಹೋಗಿ ಬಡಿದುಕೊಳ್ಳಲಾರದು. ದವಡೆಯ ಮೂಲೆ, ಕೆನ್ನೆಯ ಮೆತ್ತನೆಯ ಭಾಗ, ಕಣ್ಣ ರೆಪ್ಪೆ, ಕಣ್ಣಿನ ಬಿಳಿಯಲ್ಲಿ ರಕ್ತ, ಮೇಲ್ದುಟಿಯನ್ನು ವಸಡಿಗೆ ಹಿಡಿದಿರುವ ತೆಳು ಎಳೆ ಹರಿದಿರುವುದು, ಇವನ್ನೂ ಆಮೇಲೆ ಸೇರಿಸಿದ್ದಾರೆ. ಬಾಯಿಗೆ ಬಲವಂತವಾಗಿ ಚಮಚ ತುರುಕಿದರೆ ಆ ಎಳೆ ಹರಿಯುತ್ತದೆ. ಹಾಗಾಗಿ ಮಗುವಿನ ಬಾಯಿ ತೆರೆಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಏಟಿಗೆ ಒಂದು ಆಕಾರ ಇರುತ್ತದೆ. ಬೆಲ್ಟ್, ಕೋಲಿನ ಬಾಸುಂಡೆ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಕೋಲಿನ ಏಟು ಎರಡು ಸಮಾನಾಂತರ ಗೆರೆ ಬಿಡುತ್ತದೆ, ನಡುವೆ ಚರ್ಮ ಬಿಳಿ. ವೈರನ್ನು ಮಡಚಿ ಹೊಡೆದರೆ ಕುಣಿಕೆಯಂಥ ಗುರುತು. ಬಿಸಿನೀರು ತಾನಾಗಿ ಚೆಲ್ಲಿದರೆ ಸುಟ್ಟ ಜಾಗ ಅಂಕುಡೊಂಕಾಗಿ, ಅಲ್ಲಲ್ಲಿ ಹನಿ ಸಿಡಿದಂತೆ ಇರುತ್ತದೆ. ಮಗುವಿನ ಕಾಲನ್ನು ಹಿಡಿದು ಅದ್ದಿದ್ದರೆ ಕಾಲುಚೀಲ ಹಾಕಿದ ಹಾಗೆ ಒಂದೇ ಸಮ ಗೆರೆ ಬಂದಿರುತ್ತದೆ, ಸಿಡಿದ ಹನಿ ಇರುವುದಿಲ್ಲ.

ಹಾಗಂತ ಎಲ್ಲದಕ್ಕೂ ಹೆದರಬೇಡಿ. ನಮ್ಮ ಮಕ್ಕಳಲ್ಲಿ ಸೊಂಟದ ಕೆಳಗೆ, ಕುಂಡೆಯ ಮೇಲೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುವುದು ತುಂಬಾ ಸಾಮಾನ್ಯ. ಅದನ್ನು ಏಟು ಅಂತ ತಿಳಿದು ತಾಯಿಯನ್ನು ಗದರಿದವರನ್ನು ನೋಡಿದ್ದೇನೆ. ಏಟಿನ ಗುರುತು ದಿನ ಕಳೆದಂತೆ ಬಣ್ಣ ಬದಲಿಸಿ ಮಾಯವಾಗುತ್ತದೆ, ಮಚ್ಚೆ ವಾರವಾದರೂ ಹಾಗೇ ಇರುತ್ತದೆ. ಪ್ಲೇಟ್ಲೆಟ್ ಕಡಿಮೆ ಇದ್ದರೆ, ಹಿಮೋಫಿಲಿಯಾ ಇದ್ದರೆ ಸುಮ್ನೆ ಮುಟ್ಟಿದರೂ ಕಂದುತ್ತದೆ. ರಿಕೆಟ್ಸ್ ಇದ್ದರೆ ಮೂಳೆ ಬೇಗ ಮುರಿಯುತ್ತದೆ. ಅದಕ್ಕೆ ರಕ್ತ ಪರೀಕ್ಷೆ, ಎಕ್ಸ್‌ರೇ ಇವೆ, ಅದು ಡಾಕ್ಟರ ಕೆಲಸ. ಇನ್ನೊಂದು ಮಾತು. ಕಂದಿದ ಬಣ್ಣ ನೋಡಿ "ಇದು ಮೂರು ದಿನದ್ದು" ಅಂತ ಬರೆಯಬೇಡಿ. ಬಣ್ಣದಿಂದ ದಿನ ಹೇಳಲು ಆಗುವುದಿಲ್ಲ. ಕೋರ್ಟಿನಲ್ಲಿ ಆ ಒಂದು ಸಾಲೇ ಉಳಿದ ದಾಖಲೆಯನ್ನೆಲ್ಲ ಕೆಡಿಸುತ್ತದೆ.

ನನಗೆ ಅತಿ ಕಷ್ಟ ಅನಿಸುವುದು ಬರೆಯ ವಿಷಯ. ಕೂಸಿಗೆ ಹೊಟ್ಟೆ ಉಬ್ಬರ, ಕಾಮಾಲೆ, ಜಾಸ್ತಿ ಅಳು ಅಂತ ಊದುಬತ್ತಿಯಿಂದಲೋ ಕಾಸಿದ ಸೂಜಿಯಿಂದಲೋ ಹೊಟ್ಟೆಯ ಮೇಲೆ ಬರೆ ಹಾಕುತ್ತಾರೆ. ಉತ್ತರ ಕರ್ನಾಟಕದ ಕಡೆ ಇದು ಇನ್ನೂ ನಿಂತಿಲ್ಲ. ಹಾಕಿದ ಅಜ್ಜಿಗೆ ಮಗುವಿನ ಮೇಲೆ ಪ್ರಾಣ. ಕೇಡು ಮಾಡುವ ಉದ್ದೇಶ ಒಂದಿಷ್ಟೂ ಇರುವುದಿಲ್ಲ. ಆದರೆ ಸುಟ್ಟ ಗಾಯ ಕೀವಾಗಿ, ನಂಜು ರಕ್ತಕ್ಕೆ ಏರಿ ಕೂಸುಗಳು ಸಾಯುತ್ತವೆ. ನಾನು ಮೊದಮೊದಲು ಕೂಗಾಡುತ್ತಿದ್ದೆ. ಕೂಗಾಡಿದರೆ ಮುಂದಿನ ಸಲ ಆಸ್ಪತ್ರೆಗೇ ಬರುವುದಿಲ್ಲ. ಈಗ ಅಜ್ಜಿಯನ್ನು ಕೂರಿಸಿಕೊಂಡು "ಯವ್ವಾ, ಯಾವಾಗ ಹಾಕಿದಿ, ಯಾಕ ಹಾಕಿದಿ" ಅಂತ ಕೇಳುತ್ತೇನೆ, ಹೇಳಿದ್ದನ್ನು ಬರೆಯುತ್ತೇನೆ, ಡಾಕ್ಟರಿಗೆ ಹೇಳಿ ಪೊಲೀಸರಿಗೆ ತಿಳಿಸುವ ದಾಖಲೆಯಾದ ಎಂಎಲ್‌ಸಿ ಮಾಡಿಸುತ್ತೇನೆ, ಆಶಾ ಕಾರ್ಯಕರ್ತೆಗೆ ಆ ಮನೆಗೆ ಹೋಗಿಬರಲು ಹೇಳುತ್ತೇನೆ. ಪ್ರೀತಿಯಿಂದ ಆಗಿದ್ದು ಅಂತ ದಾಖಲೆಯಿಂದ ಬಿಡುವುದಿಲ್ಲ.

ಗಾಯಕ್ಕಿಂತ ಜಾಸ್ತಿ ಹೇಳುವುದು ಅದರ ಕಥೆ. ಹೇಳಿದ ಕಥೆಗೂ ಕಂಡ ಗಾಯಕ್ಕೂ ತಾಳೆ ಆಗುತ್ತಿದೆಯಾ? ಆ ವಯಸ್ಸಿನ ಮಗು ಅದನ್ನು ಮಾಡಬಲ್ಲುದಾ? ಸಂಜೆ ಬಿದ್ದ ಮಗುವನ್ನು ಮರುದಿನ ಮಧ್ಯಾಹ್ನ ಯಾಕೆ ಕರೆತಂದರು? ನಿಮ್ಮ ವಿಷಯದಲ್ಲಿ ಇಬ್ಬರು ಎರಡು ಕಥೆ ಹೇಳಿದ್ದಾರೆ, ಕಿವಿಯ ಗುರುತಿಗೆ ಇಬ್ಬರೂ ಸರಿಯಾದ ಕಾರಣ ಕೊಟ್ಟಿಲ್ಲ. ಅಷ್ಟು ಸಾಕು. ಮಗು ಅಳಲಿಲ್ಲ ಅನ್ನುವುದೊಂದನ್ನೇ ಹಿಡಿದುಕೊಳ್ಳಬೇಡಿ. ಹೆದರಿದಾಗ ಮರಗಟ್ಟುವ ಮಕ್ಕಳೂ ಇದ್ದಾರೆ. ಆದರೂ ಅದನ್ನು ಬರೆದಿಡಿ.

ಬರೆಯುವಾಗ ಅವರವರ ಮಾತನ್ನು ಅವರು ಆಡಿದ ಹಾಗೆಯೇ ಬರೆಯಿರಿ. ತಾಯಿ ಹೇಳಿದ್ದು ಇದು, ಅಜ್ಜಿ ಹೇಳಿದ್ದು ಇದು, ಇಷ್ಟು ಗಂಟೆಗೆ. ಗುರುತು ಎಲ್ಲಿ, ಎಷ್ಟು ಸೆಂಟಿಮೀಟರ್, ಯಾವ ಆಕಾರ. "ತಾಯಿ ಹೊಡೆದಂತೆ ಕಾಣುತ್ತದೆ" ಅಂತ ಬರೆಯಬೇಡಿ, ಅದು ನಾವು ಕಂಡದ್ದಲ್ಲ. ಮಾತನಾಡುವ ಮಗುವಾದರೆ "ಇದು ಹೇಗಾಯ್ತು ಪುಟ್ಟಾ?" ಅಂತ ಒಂದೇ ಸಲ ಕೇಳಿ ಸುಮ್ಮನಾಗಿ. "ಅಪ್ಪ ಹೊಡೆದ್ರಾ?" ಅಂತ ಬಾಯಿಗೆ ಮಾತು ಹಾಕಬೇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಲೂಬೇಡಿ, ನೀವು ಹೇಳಲೇಬೇಕಾಗುತ್ತದೆ. ನಿಮ್ಮ ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ. ಮಗುವಿನ ಗುರುತು ಹೊರಹಾಕುವುದು ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧ.

ತಾಯಿಯನ್ನು ಒಂಟಿಯಾಗಿ ಮಾತನಾಡಿಸಲು ಒಂದು ದಾರಿ ಹುಡುಕಿ. ನಾನು "ಮಗುವಿನ ತೂಕ ನೋಡಬೇಕು ಬಾ ತಂಗಿ" ಅಂತ ಒಳಗೆ ಕರೆಯುತ್ತೇನೆ. ಮಗುವಿಗೆ ಏಟು ಬೀಳುವ ಎಷ್ಟೋ ಮನೆಗಳಲ್ಲಿ ತಾಯಿಗೂ ಏಟು ಬೀಳುತ್ತಿರುತ್ತದೆ. ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸಿದಳು, ಬಾಯಿ ಬಿಡಲಿಲ್ಲ. ಅಂಥವರಿಗೆ 181 ಮಹಿಳಾ ಸಹಾಯವಾಣಿ ಇದೆ. ಜಿಲ್ಲಾ ಮಟ್ಟದಲ್ಲಿ ಸಖಿ ಕೇಂದ್ರವೂ ಇದೆ.

ಇನ್ನು ಕಾನೂನು. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಯೋಚನೆಗೆ ಜಾಗವೇ ಇಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಡಾಕ್ಟರ್ ಬೇಡ ಅಂದರೂ ನರ್ಸಿನ ಮೇಲಿನ ಹೊಣೆ ಹೋಗುವುದಿಲ್ಲ. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಾಸ್ಟೆಲ್ ಪ್ರಕರಣ ಒಂದರಲ್ಲಿ, ಗೊತ್ತಿದ್ದೂ ತಿಳಿಸಲಿಲ್ಲ ಅನ್ನುವ ಆರೋಪ ಹೊತ್ತ ಡಾಕ್ಟರ್ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಂತ ಮಾಡಿತು. ಚಿಕಿತ್ಸೆಗೆ ಎಫ್‌ಐಆರ್ ಕಾಯಬೇಕಿಲ್ಲ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಹಾಗಾಗಿ ಕಾಯುವುದೇ ಅಪಾಯ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ "ಏನೂ ಆಗಿಲ್ಲ" ಅಂತ ಯಾರೂ ಅನ್ನಬಾರದು. ದೌರ್ಜನ್ಯಕ್ಕೆ ಒಳಗಾದ ಹೆಚ್ಚಿನ ಮಕ್ಕಳ ಮೈಮೇಲೆ ಗುರುತೇ ಇರುವುದಿಲ್ಲ.

ಬಸಿರಾಗಿ ತಾಯಿ ಕಾರ್ಡ್ ಮಾಡಿಸಲು ಬರುವ ಹದಿನಾರು, ಹದಿನೇಳರ ಹುಡುಗಿಯರ ವಿಷಯದಲ್ಲಿ ನನ್ನ ಮನಸ್ಸು ತುಂಬಾ ನೋಯುತ್ತದೆ. ವಯಸ್ಸನ್ನು ಹತ್ತೊಂಬತ್ತು ಅಂತ ಬರೆದುಬಿಡಿ ಅಂತ ಮನೆಯವರು ಕೈಮುಗಿಯುತ್ತಾರೆ. ಬರೆಯಬೇಡಿ. ಅವರ ವಿಷಯವೂ ಪೋಕ್ಸೋದಡಿ ತಿಳಿಸಬೇಕಾದದ್ದೇ. ತಿಳಿಸಿದರೆ ಆಸ್ಪತ್ರೆ ಬಿಟ್ಟು ಮನೆಯಲ್ಲೇ ಹೆರಿಗೆ ಮಾಡಿಸಿಯಾರು ಅನ್ನುವ ಭಯ ನನಗೂ ಇದೆ, ಅದಕ್ಕೆ ಆ ಹುಡುಗಿಯ ಕೈಬಿಡದೆ ಫೋನ್ ಮಾಡಿ ವಿಚಾರಿಸುತ್ತಿರುತ್ತೇನೆ. ಒಪ್ಪಿಗೆಯ ಸಂಬಂಧದಿಂದ ಬಸಿರಾಗಿ ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ, ವರದಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಿಲ್ಲ ಅಂತ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ನಿಮ್ಮ ಡಾಕ್ಟರಿಗೂ ತಿಳಿದಿರಲಿ.

ಹೊಡೆತ ಬಡಿತದ ವಿಷಯದಲ್ಲಿ ಪೋಕ್ಸೋದಷ್ಟು ಖಡಾಖಂಡಿತ ಮಾತಿಲ್ಲ. ಆದರೆ ತನ್ನ ಸುಪರ್ದಿನಲ್ಲಿರುವ ಮಗುವಿಗೆ ಹಿಂಸೆ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ ಅಪರಾಧ, ಮೂರು ವರ್ಷದವರೆಗೆ ಜೈಲಿದೆ. ಹೀಗೇ ಅನುಮಾನ ಬಂದ ಗಾಯವನ್ನು ಎಂಎಲ್‌ಸಿ ಮಾಡಿ ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕೆಲಸ, ಉಸಾಬರಿ ಅಲ್ಲ.

ತಪ್ಪಾದರೆ ಅನ್ನುವ ನಿಮ್ಮ ಭಯಕ್ಕೆ ಬರುತ್ತೇನೆ. ಲೈಂಗಿಕ ದೌರ್ಜನ್ಯದ ಅನುಮಾನವನ್ನು ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ ಅಂತ ಪೋಕ್ಸೋದ 19ನೇ ಕಲಮೇ ಹೇಳುತ್ತದೆ. 1098 ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ, ಹೆಸರು ಗುಟ್ಟಾಗಿಡಲು ಹೇಳಬಹುದು. ಫೋನ್ ಮಾಡಿದ ಕೂಡಲೇ ಜೀಪು ಬಂದು ತಾಯಿಯನ್ನು ಎಳೆದೊಯ್ಯುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಾನು ಕಂಡ ಹಾಗೆ, ಮೊದಲು ಜಿಲ್ಲೆಯ ಮಕ್ಕಳ ರಕ್ಷಣಾ ಸಿಬ್ಬಂದಿ ಮನೆಗೆ ಹೋಗಿ ನೋಡುತ್ತಾರೆ, ಅಕ್ಕಪಕ್ಕ, ಅಂಗನವಾಡಿಯಲ್ಲಿ ಕೇಳುತ್ತಾರೆ. ಬೇಕಾದರೆ ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುತ್ತದೆ. ಆದಷ್ಟೂ ಮಗು ತನ್ನ ಕುಟುಂಬದಲ್ಲೇ ಬೆಳೆಯಲಿ ಅನ್ನುವುದೇ ಬಾಲನ್ಯಾಯ ಕಾಯ್ದೆಯ ಆಶಯ. ಮಗುವಿನ ಪ್ರಾಣಕ್ಕೆ ಈಗಲೇ ಅಪಾಯ ಅನಿಸಿದರೆ ಮಾತ್ರ ತಡಮಾಡದೆ ತುರ್ತು ಸಂಖ್ಯೆ 112.

ನಿಮ್ಮ ಡಾಕ್ಟರಿಗೆ ಒಂದು ಮಾತು ತಿಳಿಸಿ, ಆದರೆ ಅವರ ಅಪ್ಪಣೆಗೆ ಕಾಯಬೇಡಿ. ಕೆಲಸ ಹೋದೀತು ಅನ್ನುವ ಹೆದರಿಕೆ ಇದ್ದರೆ ಡ್ಯೂಟಿ ಮುಗಿಸಿ ಮನೆಯಿಂದ ಫೋನ್ ಮಾಡಿ. ಮಗುವಿನ ವಯಸ್ಸು, ರಿಜಿಸ್ಟರಿನಲ್ಲಿರುವ ವಿಳಾಸ, ಬಂದ ದಿನ ಮತ್ತು ಹೊತ್ತು, ಹಣೆಯ ಗಾಯ, ಕಿವಿಯ ಗುರುತು, ತಾಯಿ ಅಂದದ್ದು, ಅಜ್ಜಿ ಅಂದದ್ದು, ಹೊಲಿಗೆ ಬಿಚ್ಚಿಸಲು ಬರಬೇಕಾದ ದಿನ. ಫೋನ್ ಎತ್ತಿಕೊಳ್ಳುವ ಮೊದಲು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮಾತನಾಡುವಾಗ ಗಂಟಲು ಕಟ್ಟುತ್ತದೆ, ಹಾಳೆ ನೋಡಿ ಓದಿದರೂ ಸಾಕು. ಹೊಲಿಗೆ ಬಿಚ್ಚಿಸಲು ಅವರು ಬರುವ ದಿನ ಆ ಮಗುವಿನ ಅಂಗಿ ತೆಗೆಸಿ, ಬೆನ್ನು ನೋಡಿ.